ಪರದೆಯಾಚೆಗೆ ಕೇಳುವಷ್ಟು

ನೀರಲ್ಲ, ನೀರಿನ ಹಾಗೆ ಕಂಡದ್ದು ಅಷ್ಟೆ, ಬೀದಿಯಲ್ಲಿ ಯಾರೋ ಸೈಕಲ್ ತಿರುಗಿಸಿಕೊಂಡಿರಬೇಕು, ಅದರ ಹಿಡಿಯ ಹೊಳಪು ಕಿಟಕಿಯಿಂದ ಒಳಗೆ ಹಾರಿ ಚಾವಣಿಗೆ ಅಂಟಿ, ಫ್ಯಾನಿನ ಸುತ್ತ ಓಡಾಡಿ, ಮೂಲೆಯಲ್ಲಿ ಜಾರಿ ಮಾಯವಾಯಿತು — ಕಾಲೇ ಇಲ್ಲದ್ದು ಎಷ್ಟು ಸಲೀಸಾಗಿ ನಡೆಯುತ್ತದೆ, ಅಂದುಕೊಂಡ ಹೆಜ್ಜಣ್ಣ, ಮಧ್ಯಾಹ್ನದ ಮಾತ್ರೆಯ ಮಂಪರಿನಲ್ಲಿ ಅಂಗಾತ ಮಲಗಿ, ಒಂದು ಸದ್ದಿಲ್ಲ, ಒಂದು ಏದುಸಿರಿಲ್ಲ, ಇದಕ್ಕೆ ಹೆಜ್ಜೆ ಹಾಕಿಕೊಡು ಅಂತ ಯಾರಾದರೂ ಕೇಳಿದರೆ ಯಾವ ಜೋಡು ಮೆಟ್ಟಿಕೊಳ್ಳುವುದು, ಹತ್ತಿಯ ಉಂಡೆಯ ಮೇಲೆ ಬೆರಳಾಡಿಸಬಹುದು, ಇಲ್ಲ, ಅದು ಬೆಕ್ಕಿಗೆ, ಬೆಳಕಿಗೆ ಅದೂ ಹೆಚ್ಚಾಯಿತು — ಮತ್ತು ಪರದೆಯಾಚೆ ಹೊಲಿಗೆ ಯಂತ್ರ ಓಡುತ್ತಲೇ ಇತ್ತು, ಕಿರ್ ಕಿರ್ ಎಂದು ಶುರುವಾಗಿ, ಟರ್ರೆಂದು ಒಂದೇ ಉಸಿರಿಗೆ ಓಡಿ, ತಟ್ಟನೆ ನಿಂತು, ಬಟ್ಟೆ ತಿರುಗಿಸಿಕೊಂಡು ಮತ್ತೆ ಕಿರ್ ಕಿರ್, ಹೆಂಡತಿ ಶಾಲೆಯ ಮಕ್ಕಳ ಅಂಗಿಗಳಿಗೆ ಕಾಲರು ಕೂರಿಸುತ್ತಿದ್ದಾಳೆ, ಬೆನ್ನು ಈ ಕಡೆ, ಮುಖ ಆ ಕಡೆಯ ಕಿಟಕಿಗೆ, ಊರಿನವರ ಬಟ್ಟೆಗೆಲ್ಲ ಕೂದಲೆಳೆಯಷ್ಟೂ ಅಳತೆ ತಪ್ಪದವಳು ಸ್ವಂತ ಮನೆಯ ಬಾಗಿಲಿನ ಪರದೆಯನ್ನು ಮಾತ್ರ ಗಿಡ್ಡ ಹೊಲಿದಳು, ಒಗೆದ ಮೇಲೆ ಕುಗ್ಗಿತು ಅನ್ನುತ್ತಾಳೆ, ಸರಿ, ಎಲ್ಲರೂ ಕುಗ್ಗುವವರೇ, ಪರದೆಯ ಅಂಚಿಗೂ ನೆಲಕ್ಕೂ ನಡುವೆ ಗೇಣಗಲ ಜಾಗ, ಆ ಜಾಗದಲ್ಲಿ ದಿನವಿಡೀ ಒಂದೇ ಸಿನಿಮಾ, ಯಂತ್ರದ ಕಬ್ಬಿಣದ ಪೆಡಲು, ಅದರ ಮೇಲೆ ಅವಳ ಬರಿಗಾಲು, ಹಿಂದಿನಿಂದ ಕಾಣುವ ಹಿಮ್ಮಡಿ, ಏಳುತ್ತದೆ, ಇಳಿಯುತ್ತದೆ, ಏಳುತ್ತದೆ, ಮೈಯೆಲ್ಲ ಕುರ್ಚಿಯಲ್ಲಿ ಕೂತಿದ್ದರೂ ಆ ಪಾದ ಮಾತ್ರ ಎಲ್ಲಿಗೋ ನಡೆದು ಹೋಗುತ್ತಲೇ ಇರುತ್ತದೆ, ಮದುವೆಯಾದಾಗಿನಿಂದ ಲೆಕ್ಕ ಹಾಕಿದರೆ ಇಷ್ಟು ಹೊತ್ತಿಗೆ ಅದು ಸಮುದ್ರ ದಾಟಿರಬೇಕು, ಮತ್ತು ಇವನು, ನಡೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು, ಇಲ್ಲಿ, ದಿಂಬಿಗೆ ತಲೆ ಕೊಟ್ಟು.

ಸಿನಿಮಾದಲ್ಲಿ ನಡೆಯುವವರ ಹೆಜ್ಜೆಯ ಸದ್ದು ಅವರದಲ್ಲ ಎಂದು ಎಷ್ಟು ಜನಕ್ಕೆ ಗೊತ್ತು, ಚಿತ್ರೀಕರಣ ಮುಗಿದು, ಮಾತು ಸೇರಿಸಿ ಆದ ಮೇಲೆ, ಕತ್ತಲೆಯ ಕೋಣೆಯಲ್ಲಿ, ಪರದೆಯ ಮೇಲೆ ಅವರು ಮೂಕವಾಗಿ ನಡೆಯುವಾಗ ಇಲ್ಲಿ ಮೈಕಿನ ಮುಂದೆ ಇವನು ನಡೆಯಬೇಕು, ನಿಂತಲ್ಲೇ, ಜಲ್ಲಿ ತುಂಬಿದ ತಟ್ಟೆಯಲ್ಲಿ, ಒಣ ಎಲೆಯ ಮೇಲೆ, ಮರದ ಹಲಗೆಯ ಮೇಲೆ, ಕಲ್ಲಿನ ಚಪ್ಪಡಿಯ ಮೇಲೆ, ಅವರ ಪಾದ ನೆಲ ಮುಟ್ಟಿದ ಕ್ಷಣಕ್ಕೇ ಇವನದೂ, ರವೆಯಷ್ಟು ಹಿಂದೆ ಮುಂದಾದರೂ ದೆವ್ವ ನಡೆದ ಹಾಗೆ ಕೇಳುತ್ತದೆ — ನಾಯಕಿ ಮೆಟ್ಟಿಲಿಳಿದು ಓಡಿ ಬಂದು ನಾಯಕನನ್ನು ಅಪ್ಪಿಕೊಂಡಾಗ ಥಿಯೇಟರಿನಲ್ಲಿ ಶಿಳ್ಳೆ ಹಾಕುತ್ತಾರಲ್ಲ, ಆ ಓಡಿ ಬಂದದ್ದು ಇವನು, ಡೊಳ್ಳು ಹೊಟ್ಟೆ, ಬೆವರಿದ ಬನಿಯನ್ನು, ಕಾಲಿಗೆ ಎತ್ತರ ಹಿಮ್ಮಡಿಯ ಹೆಂಗಸರ ಚಪ್ಪಲಿ, ಇಷ್ಟು ದೊಡ್ಡದು ಯಾರಿಗೆ ಸ್ವಾಮಿ ಅಂತ ಅಂಗಡಿಯವನು ಕೇಳಿದಾಗ ಮನೆಯವಳಿಗೆ ಅಂದುಬಿಟ್ಟಿದ್ದ, ಆಮೇಲೆ ಇವಳನ್ನು ಕಂಡಾಗಲೆಲ್ಲ ಅಂಗಡಿಯವನ ಕಣ್ಣು ಮೊದಲು ಪಾದಕ್ಕೆ ಹೋಗುತ್ತಿತ್ತು, ಯಾಕ್ರೀ ಆ ಮನುಷ್ಯ ನನ್ನ ಕಾಲನ್ನೇ ನೋಡ್ತಾನೆ ಎಂದು ಇವಳು ಇವತ್ತಿಗೂ ಕೇಳುತ್ತಾಳೆ — ಮಂತ್ರಿ ನಡೆದರೆ ಹಿಮ್ಮಡಿ ಮೊದಲು, ಕಳ್ಳ ನಡೆದರೆ ಪಾದದ ಹೊರ ಅಂಚು ಮೊದಲು, ಹೊಸ ಅಳಿಯ ನಡೆದರೆ ಎರಡು ಕಾಲಿಗೂ ಒಟ್ಟಿಗೇ ನಾಚಿಕೆ, ಕುಡುಕ ನಡೆದರೆ ಮೂರು ಕಾಲಿನ ಸದ್ದು ಬರಬೇಕು, ಇಷ್ಟೆಲ್ಲ ನಡತೆ ಗೊತ್ತಿದ್ದವನನ್ನು ಹೆಜ್ಜಣ್ಣ ಅಂದರು, ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಉಳಿಯಿತು, ನಿನ್ನ ಕಾಲ್ಗುಣ ಕಣಯ್ಯಾ ಅಂತ ನಿರ್ಮಾಪಕರು ಬೆನ್ನು ತಟ್ಟುತ್ತಿದ್ದರು, ಆ ಕಾಲಿಗೆ ಏನೋ ಆಗಿದೆ ಎಂದು ಮೊದಲು ಕಂಡುಹಿಡಿದವನು ಕೂಡ ಡಾಕ್ಟರಲ್ಲ, ಗಾಜಿನಾಚೆ ಕೂತು ಧ್ವನಿ ಹಿಡಿಯುವ ಗುಂಡಿ, ದಿನವಿಡೀ ಗುಂಡಿ ಒತ್ತುವುದೇ ಕೆಲಸವಾದ್ದರಿಂದ ಆ ಹೆಸರು, ಕಿವಿಗೆ ಹಾಕಿಕೊಂಡದ್ದನ್ನು ಒಂದು ಕಡೆ ಎತ್ತಿ, ಅಣ್ಣಾ, ನಾಯಕಿಗೆ ಸೊಂಟ ಹಿಡಕೊಂಡ ಹಾಗಿದೆ, ಇನ್ನೊಂದ್ಸಲ ಹೋಗೋಣ, ಎಂದ, ಇನ್ನೊಂದು ಸಲ ಹೋದರು, ಮತ್ತೊಂದು ಸಲ, ಪರದೆಯ ಮೇಲೆ ಇಪ್ಪತ್ತರ ಹುಡುಗಿ ಕುಣಿಯುತ್ತ ಬರುತ್ತಾಳೆ, ಕಿವಿಗೆ ಅವಳಜ್ಜಿ ಬರುತ್ತಾಳೆ, ಅಣ್ಣಾ, ನೀವು ಯಾರಿಗಾದ್ರೂ ಒಂದ್ಸಲ ತೋರಿಸ್ಕೊಳ್ಳಿ.

ತೋರಿಸಿಕೊಂಡ, ಸೊಂಟದ ಕೀಲು ಸವೆದಿದೆ ಎಂದರು, ಲೋಹದ್ದೊಂದು ಹಾಕಿದರು, ಕೆಲವು ವರ್ಷ ಚೆನ್ನಾಗಿಯೇ ನಡೆಯಿತು, ಹೇಗೆ ನಡೀತಿದೆ ಅಂತ ಯಾರು ಕೇಳಿದರೂ ಲೋಹದ ಮೇಲೆ ನಡೀತಿದೆ ಅನ್ನುತ್ತಿದ್ದ, ಆಮೇಲೆ ಅದರ ಸುತ್ತ ಸೋಂಕು, ಜ್ವರ, ಕೀವು, ಒಮ್ಮೆ ತೊಳೆದರು, ಮತ್ತೊಮ್ಮೆ ತೊಳೆದರು, ಮನೆ ಪಾತ್ರೆಯನ್ನು ಯಾರೂ ಅಷ್ಟು ತೊಳೆದಿರಲಾರರು, ಕೊನೆಗೆ ಆ ಡಾಕ್ಟರು, ಪ್ರತಿ ಮಾತಿಗೂ ಪೆನ್ನಿನ ಗುಂಡಿ ಒತ್ತುವವರು, ನೋಡಿ, ಟಿಕ್, ಹಾಕಿದ್ದನ್ನ ತೆಗೀಲೇಬೇಕು, ಟಿಕ್, ಮತ್ತೆ ಹೊಸದು ಹಾಕೋ ಹಾಗಿಲ್ಲ, ಸೋಂಕು ಬಿಡಲ್ಲ, ಟಿಕ್, — ಹಾಗಾದ್ರೆ ಅಲ್ಲೇನಿರತ್ತೆ ಡಾಕ್ಟ್ರೇ, ಎಂದಳು ಹೆಂಡತಿ — ಏನೂ ಇರಲ್ಲ — ಏನೂ ಇಲ್ದೆ ಮನುಷ್ಯ ಹೇಗೆ ನಿಲ್ತಾನೆ, ಗುಂಡಿ ಇಲ್ದೆ ಅಂಗಿ ನಿಲ್ಲಲ್ಲ, — ಆಗ ಅವರು ಪೆನ್ನು ಕೆಳಗಿಟ್ಟರು, ಮಾಯೋವಾಗ ಅಲ್ಲಿ ಗಟ್ಟಿ ನಾರಿನ ಹಾಗೆ ಬೆಳೆಯತ್ತಮ್ಮ, ಸುತ್ತಲಿನ ಮಾಂಸ ಹಿಡ್ಕೊಳ್ಳತ್ತೆ, ಹುಸಿ ಕೀಲು ಅಂತೀವಿ ಅದನ್ನ, ಕಾಲು ಗಿಡ್ಡ ಆಗತ್ತೆ, ದಪ್ಪ ಅಟ್ಟೆಯ ಬೂಟು ಬೇಕು, ಊರುಗೋಲು ಬೇಕು, ಆದ್ರೆ ನಡೀಬಹುದು, ನಡೀಲೇಬೇಕು, ನಡೆದಷ್ಟೂ ಅದು ಕೀಲಾಗತ್ತೆ, ನಡೀದೆ ಇದ್ರೆ ಸೆಟೆದು ಹಾಗೇ ಕೂತುಬಿಡತ್ತೆ, ಮತ್ತೆ ಯಾರು ಏಳು ಅಂದ್ರೂ ಏಳಲ್ಲ — ಹುಸಿ ಕೀಲು, ಆ ಮಾತು ಕೇಳಿ ಆ ಹೊತ್ತಿನಲ್ಲೂ ಅವನಿಗೆ ನಗು ಬಂತು, ಹುಸಿ ಹೆಜ್ಜೆ ಹಾಕಿ ಬದುಕಿದವನಿಗೆ ಹುಸಿ ಕೀಲು, ಜೋಡಿ ಚೆನ್ನಾಗಿದೆ — ಅದನ್ನು ತೆಗೆಸಿಕೊಂಡು ಮನೆಗೆ ಬಂದ ಮೇಲೆ ಅವಳು ಟೇಪು ಹಿಡಿದು ಎರಡು ಕಾಲನ್ನೂ ಅಳೆದಳು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಹಳೆಯ ಪ್ಯಾಂಟುಗಳ ಒಂದು ಕಾಲು ಬಿಚ್ಚಿ ಮೇಲಕ್ಕೆ ಮಡಚಲು, ಲೇ, ಎರಡು ಕಾಲಿದ್ದೋನು ಈಗ ಒಂದೂಮುಕ್ಕಾಲು ಕಣೇ, ಎಂದ, ಅವಳು ನಗಲಿಲ್ಲ, ಪಿನ್ನು ಬಾಯಲ್ಲಿದ್ದರೆ ನಗಬಾರದು, ಅಂತಲೇ ಇರಬೇಕು, ಆದರೆ ಟೇಪನ್ನು ಸುತ್ತಿಡುವಾಗ ಅದು ಕೈತಪ್ಪಿ ನೆಲಕ್ಕೆ ಬಿದ್ದು, ಹಾವಿನ ಹಾಗೆ ಬಿಚ್ಚಿಕೊಂಡು ಮಂಚದ ಕೆಳಗೆ ಹೋಯಿತು, ಮಂಚದ ಕೆಳಗೇ ಆ ಚೆಂಡೂ ಇದೆ, ಕನಸಿನಲ್ಲಿ, ಅವರು ಸೊಂಟದ ಕೀಲಿನಿಂದ ತೆಗೆದ ಲೋಹದ ಚೆಂಡು, ಅದು ಉರುಳಿಕೊಂಡು ಮನೆಗೆ ಬಂದಿದೆ, ಬೀದಿ ದಾಟಿ, ಮೆಟ್ಟಿಲು ಹತ್ತಿ, ಬಾಗಿಲ ಸಂದಿಯಲ್ಲಿ ನುಸುಳಿ, ತನ್ನ ಯಜಮಾನನಿಗಿಂತ ಚೆನ್ನಾಗಿ ಓಡಾಡುತ್ತದೆ, ಮಾತ್ರೆಯ ನಿದ್ದೆಯಲ್ಲಿ ಅದರ ಸದ್ದು ಕೇಳಿಸುತ್ತದೆ, ಗುಳುಗುಳು, ಕಲ್ಲಿನ ನೆಲದ ಮೇಲೆ ಗಾಜಿನ ಗೋಲಿ ಉರುಳಿಸಿ ಅದರ ಮೇಲೆ ಟವೆಲು ಎಳೆದರೆ ಅದೇ ಸದ್ದು ಬರುತ್ತದೆ, ಒಮ್ಮೆ ಮಾಡಿದ್ದ, ದೂರದ ಗುಡುಗಿಗೆ.

ಕವಾಯತು ಮೇಡಂ ಬರುತ್ತಿದ್ದಷ್ಟು ದಿನ ಭಯವಿರಲಿಲ್ಲ, ಆಸ್ಪತ್ರೆಯಿಂದ ಕಳಿಸಿದ ಹುಡುಗಿ, ವ್ಯಾಯಾಮ ಮಾಡಿಸುವವಳು, ರಬ್ಬರ್ ತಳದ ಬೂಟು, ಚುಯ್ ಚುಯ್, ಅವನ ಸೊಂಟಕ್ಕೆ ಪಟ್ಟಿ ಕಟ್ಟಿ ಹಿಂದಿನಿಂದ ಹಿಡಿದುಕೊಂಡು, ಸರ್, ಕಾಲಿಗೆ ಬುದ್ಧಿ ಹೇಳಿ ಸರ್, — ಕಾಲಿಗೆ ಬುದ್ಧಿ ಹೇಳಿದ್ರೆ ನಾನು ಓಡಿಹೋಗ್ತೀನಲ್ಲಮ್ಮ, — ಓಡಿ ಸರ್, ನೋಡೇಬಿಡೋಣ, — ಆಮೇಲೆ ಅವಳ ತಾಯಿಗೆ ಹುಷಾರಿಲ್ಲವೆಂದು ರಜೆ ಹಾಕಿ ಊರಿಗೆ ಹೋದಳು, ಫೋನಿನಲ್ಲಿ ಕೇಳುತ್ತೇನೆ, ದಿನಾ ಕೋಣೆಯೊಳಗೆ ನಡೀಬೇಕು, ಊರುಗೋಲು ಎರಡೂ ಇರಲಿ, ಆ ಕಾಲಿನ ಮೇಲೆ ಸ್ವಲ್ಪ ಸ್ವಲ್ಪವೇ ಭಾರ ಬಿಡಿ, ಎಂದು ಹೇಳಿ, ಮಾರನೇ ಬೆಳಿಗ್ಗೆಯೇ ಅವನು ಎದ್ದು, ಗಟ್ಟಿ ಮನಸ್ಸು ಮಾಡಿ, ಭಾರ ಬಿಟ್ಟ, ಆಗ — ಲಿಫ್ಟಿನ ಬಾಗಿಲು ತೆರೆದಿದೆ, ಮಾತಾಡುತ್ತಾ ಒಳಗೆ ಕಾಲಿಡುತ್ತೀರಿ, ಲಿಫ್ಟು ಅಲ್ಲಿಲ್ಲ — ಅಷ್ಟೆ, ತೊಡೆಯ ಮೂಳೆ ತನ್ನಷ್ಟಕ್ಕೆ ಮೇಲಕ್ಕೆ ಸರಿಯಿತು, ಮೈ ಕೆಳಗಿಳಿಯಿತು, ಊರುಗೋಲೊಂದು ಗೋಡೆಗೆ ಬಡಿದು, ಅವನು ನೆಲದಲ್ಲಿ, ಕೆನ್ನೆಗೆ ತಣ್ಣಗಿನ ನೆಲ, ಮೂಳೆ ಮುರಿದಿರಲಿಲ್ಲ, ಬೇರೇನೋ ಮುರಿದಿತ್ತು, ಪರದೆಯಾಚೆ ಯಂತ್ರ ನಿಂತಿತು, ಅವಳು ಓಡಿ ಬಂದಳು, ಬಾಯ್ತುಂಬ ಪಿನ್ನು, ಕೂಗಲಾರಳು, ಮೂಗಿನಲ್ಲೇ ಅಳುತ್ತಿದ್ದಳು, ಎತ್ತಿ ಮಂಚದ ಮೇಲೆ ಹಾಕಿ, ಅಂದಿನಿಂದ ಅವಳು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತೇ ರಾತ್ರಿ ಕಳೆದಳು, ಹಗಲು ಅವನು ಮಗ್ಗುಲು ಬದಲಿಸಿದರೂ ಸಾಕು, ಮಂಚ ಕಿರುಗುಟ್ಟಿದರೂ ಸಾಕು, ಟರ್ ಅನ್ನುತ್ತಿದ್ದ ಯಂತ್ರ ತಟ್ಟನೆ ನಿಲ್ಲುತ್ತಿತ್ತು, ಪರದೆಯ ಕೆಳಗೆ ಹಿಮ್ಮಡಿ ಗಾಳಿಯಲ್ಲಿ ನಿಂತು ಕಿವಿಗೊಡುತ್ತಿತ್ತು, ಹಿಮ್ಮಡಿಗೆ ಕಿವಿಯಿದೆ, ಅದನ್ನು ಅವನು ಬಲ್ಲ, ಮತ್ತೆ ಏನೂ ಬೀಳಲಿಲ್ಲ ಎಂದು ಖಾತ್ರಿಯಾದ ಮೇಲೆ ಇಳಿಯುತ್ತಿತ್ತು, ಕಿರ್, ಕಿರ್, ಅವಳ ಕಣ್ಣ ಕೆಳಗಿನ ಕಪ್ಪು, ಬಿಳಿ ಅಂಗಿಗೆ ನೀಲಿ ಕಾಲರು ಕೂರಿಸಿದಳು ಒಂದು ದಿನ, ಅಳತೆ ತಪ್ಪದವಳು.

ಲೇ, ನಾಳೆಯಿಂದ ನಡೀತೀನಿ, ಆದ್ರೆ ಯಾರೂ ನೋಡಬಾರದು, ಎಂದ, ನನ್ನ ಕೆಲಸ ಕತ್ತಲೇಲಿ ಮಾಡಿ ಅಭ್ಯಾಸ, ಯಾರಾದ್ರೂ ನೋಡಿದ್ರೆ ಕಾಲು ತೊಡರತ್ತೆ, — ಸರಿ ಬಿಡಿ, ನೋಡಲ್ಲ, ಕೇಳಿಸ್ಕೊಳ್ಳೋದಕ್ಕೆ ಅಪ್ಪಣೆ ಇದೆ ತಾನೇ, ಎಂದಳು — ಅಪ್ಪಣೆ ಇತ್ತು, ಕೇಳಿಸಿಕೊಳ್ಳಲಿ ಅಂತಲೇ, ಮರುದಿನ ಅವನು ನಿಜವಾಗಿ ನಡೆಯಬೇಕೆಂದೇ ಹೊರಟದ್ದು, ಮಂಚದ ಅಂಚಿಗೆ ಬಂದು ಕೂತ, ಬೂಟುಗಳು ಕೆಳಗೆ ಅಕ್ಕಪಕ್ಕ, ಒಂದಕ್ಕೆ ದಪ್ಪ ಅಟ್ಟೆ, ಒಂದಕ್ಕೆ ಸಾಮಾನ್ಯ, ನೆಲವನ್ನು ನೋಡಿದ, ಬಾಗಿಲು ತೆರೆದ ಲಿಫ್ಟಿನ ಹೊಂಡದ ಹಾಗೆ ನೆಲವೂ ಅವನನ್ನು ನೋಡಿತು, ಆಚೆ ಯಂತ್ರ ನಿಂತಿದೆ, ಅವಳು ಕಾಯುತ್ತಿದ್ದಾಳೆ, ಅದೊಂದು ಮೌನವನ್ನು ಅವನು ಮೂವತ್ತು ವರ್ಷ ಕೇಳಿದ್ದಾನೆ, ಗಾಜಿನಾಚೆ ಗುಂಡಿ ಕೈಯೆತ್ತಿ ಬೆರಳು ಮಡಚುವಾಗ ಇರುವ ಮೌನ, ಪರದೆಯ ಮೇಲೆ ಯಾರದೋ ಪಾದ ಎದ್ದಿದೆ, ಇನ್ನೇನು ಇಳಿಯಬೇಕು, ಸದ್ದು ಬರಲೇಬೇಕು, ಬರದೇ ಹೇಗಿರುತ್ತದೆ — ಬೋರಲು ಮಲಗಿದ, ತೋಳುಗಳನ್ನು ಮಂಚದಿಂದ ಕೆಳಗೆ ಇಳಿಬಿಟ್ಟ, ಬೂಟುಗಳೊಳಗೆ ಕೈ ತೂರಿಸಿದ, ಮತ್ತು ನಡೆದ, ಮೊದಲು ಮೊಣಕೈಗೆ ಸಿಕ್ಕಿಸಿಕೊಂಡ ಊರುಗೋಲಿನ ರಬ್ಬರು, ಆಮೇಲೆ ದಪ್ಪ ಅಟ್ಟೆ ಎಳೆದುಕೊಂಡು ಧಪ್, ಬಿಡುವು, ಬಾಯಲ್ಲಿ ಒಂದು ಮುಲುಕು, ಆಮೇಲೆ ಒಳ್ಳೆಯ ಕಾಲು, ಟಪ್ — ಪರದೆಯ ಕೆಳಗೆ ಹಿಮ್ಮಡಿ ಇಳಿಯಿತು, ಕಿರ್ ಕಿರ್, ಟರ್ರೆಂದು ಉದ್ದಕ್ಕೆ ಓಡಿತು, ಎಷ್ಟೋ ದಿನದ ಮೇಲೆ ನಿಲ್ಲದೆ ಓಡಿತು, ಆ ರಾತ್ರಿ ಅವಳು ಕುರ್ಚಿ ಬಿಟ್ಟು ತನ್ನ ಹಾಸಿಗೆಗೆ ಹೋಗಿ ಮಲಗಿದಳು, ಗೊರಕೆ ಹೊಡೆದಳು, ಅವನು ಮಾಡಿದ ಎಲ್ಲ ಸದ್ದುಗಳಲ್ಲಿ ಆ ಗೊರಕೆಯಷ್ಟು ಸೊಗಸಾದದ್ದು ಇನ್ನೊಂದಿಲ್ಲ. ಹಾಗಾಗಿ ಮರುದಿನವೂ ಕೈಗೆ ಬೂಟು, ಅದರ ಮರುದಿನವೂ, ಕೋಣೆಗೆ ಹೊಂದಿಕೊಂಡ ಬಚ್ಚಲಿಗೆ ಮಾತ್ರ ಮಕ್ಕಳ ಕುಂಟಾಬಿಲ್ಲೆಯ ಹಾಗೆ ಒಳ್ಳೆಯ ಕಾಲಿನ ಮೇಲೆ ಕುಪ್ಪಳಿಸಿ, ಗೋಡೆ ಹಿಡಿದು, ಆ ಇನ್ನೊಂದು ಕಾಲನ್ನು ಯಾರದೋ ಸಾಮಾನನ್ನು ಕೈಯಲ್ಲಿ ಹಿಡಿದುಕೊಂಡ ಹಾಗೆ ನೆಲಕ್ಕೆ ತಾಗಿಸದೆ — ಕವಾಯತಿನ ಹುಡುಗಿ ಫೋನು ಮಾಡಿದರೆ ಹೆಂಡತಿ, ನಡೀತಿದಾರಮ್ಮ, ನಿನ್ನೆಗಿಂತ ಇವತ್ತು ಮೇಲು, ಎನ್ನುತ್ತಿದ್ದಳು, ಸುಳ್ಳಲ್ಲ, ದಿನದಿನಕ್ಕೆ ಮೇಲೇ, ಅವನು ಗುಣವಾಗುವುದನ್ನು ಕಟ್ಟುತ್ತಿದ್ದ, ಸಂಗೀತಗಾರನ ಹಾಗೆ, ಮೊದಮೊದಲು ಬಿಡುವು ದೀರ್ಘ, ಆಮೇಲಾಮೇಲೆ ಗಿಡ್ಡ, ಮುಲುಕನ್ನು ತೆಗೆದ, ಒಂದು ಊರುಗೋಲು ತೆಗೆದ, ಎಳೆದುಕೊಳ್ಳುವ ಸದ್ದನ್ನು ಸವೆಸುತ್ತ ಸವೆಸುತ್ತ ಬಂದ, ಮಂಚದ ತಲೆಯ ಕಡೆಯಿಂದ ಕಾಲಿನ ಕಡೆಗೆ ತೆವಳುತ್ತ ದೂರ ಹೋದ ಹಾಗೆ ಸದ್ದು ಇಳಿಸಿದ, ತಿರುಗಿ ಬರುವಾಗ ಏರಿಸಿದ, ಅವಳು ಬಗ್ಗಿ ಪರದೆಯ ಕೆಳಗೆ ನೋಡಿದ್ದರೂ ಎರಡು ಬೂಟು ಓಡಾಡುವುದಷ್ಟೇ ಕಂಡೀತು, ಅಷ್ಟು ಅಚ್ಚುಕಟ್ಟು, ಆದರೆ ಕಿವಿಯಿದ್ದವರಿಗೆ ಮಾಡಿದ ಮೋಸ ಕಿವಿಯಿಲ್ಲದವರ ಮುಂದೆ ಏನು ನಡೆದೀತು, ಅತ್ತೆ, ಅಂದರೆ ಇವರ ಜೊತೆಗೇ ಇರುವ ಹೆಂಡತಿಯ ತಾಯಿ, ಬಾಗಿಲ ಹೊರಗೆ ಗುಡುಗಿದರೂ ಯಾರು ಬಂದ್ರು ಎನ್ನುವವರು, ಸಿನಿಮಾ ನಡೆಯುತ್ತಿರುವುದು ಗೊತ್ತಿಲ್ಲದೆ ಬಿಸಿನೀರಿನ ಲೋಟ ಹಿಡಿದು ಪರದೆ ಸರಿಸಿ ಒಳಗೆ ಬಂದುಬಿಟ್ಟರು, ಅಳಿಯ ಬೋರಲು, ಕೈಗೆ ಬೂಟು, ಲೋಟ ಇಟ್ಟರು, ಅವನನ್ನು ನೋಡಿದರು, ಬೂಟನ್ನು ನೋಡಿದರು, ಬೆನ್ನು ನೋವಾ ಅಳಿಯಂದ್ರೇ, ಎಂದು ಕಿವುಡರ ದೊಡ್ಡ ದನಿಯಲ್ಲಿ ಕೇಳಿ ಹೊರಗೆ ಹೋದರು, ಆಚೆ ಮಗಳಿಗೆ ಹೇಳಿದ್ದು ಅವನಿಗೂ ಕೇಳಿತು, ಬೀದಿಗೂ ಕೇಳಿರಬೇಕು, ಅಳಿಯಂದಿರು ಬೂಟು ಕೈಗೆ ಹಾಕ್ಕೊಂಡಿದಾರೆ ಕಣೇ, — ಮಗಳು ನಕ್ಕಳು, ಅಮ್ಮಾ, ನಿಂಗೆ ಅರಳು ಮರಳು, ಈಗಷ್ಟೇ ಎಷ್ಟು ಚೆನ್ನಾಗಿ ನಡೆದ್ರು, ಕೇಳಿಸ್ಲಿಲ್ವಾ, ಎಂದು ಕೇಳಿ, ಯಾರನ್ನು ಕೇಳುತ್ತಿದ್ದೇನೆ ಎಂದು ನೆನಪಾಗಿ ಇನ್ನಷ್ಟು ನಕ್ಕಳು.

ಈಗ, ಈಗ ನಡೆಯುವ ಹೊತ್ತು, ಬೆಳಕು ಕಿಟಕಿಯಿಂದ ಇಳಿದು ನೆಲದ ಮೇಲೆ ಕೂತಿದೆ, ಮಂಪರು ಇನ್ನೂ ಪೂರ್ತಿ ಹರಿದಿಲ್ಲ, ಬೋರಲು ಹೊರಳಿದ, ಗಿಡ್ಡ ಕಾಲು ಹಿಂದಿನಿಂದ ಹಲಗೆಯ ಹಾಗೆ ಬಂತು, ಈಚೆಗೆ ಅದು ಮಡಚಲು ಒಲ್ಲದು, ತೊಡೆಯ ಬುಡದಲ್ಲಿ ಗಂಟು ಹಾಕಿಕೊಂಡ ಹಾಗೆ, ಆಮೇಲೆ ನೋಡೋಣ, ಕೈಗಳು ಬೂಟಿನೊಳಗೆ, ಚರ್ಮದ ಬೆಚ್ಚನೆಯ ವಾಸನೆ, ಟಪ್, ಟಪ್, ಇವತ್ತು ಊರುಗೋಲೂ ಇಲ್ಲದೆ, ಟಪ್, ಟಪ್, ಎಷ್ಟು ಹಗುರ, ನೆಲ ನೀರಾಗಿದೆ, ಅವನು ಅದರ ಮೇಲೆ ತೇಲುತ್ತ ಹೋಗುತ್ತಾನೆ, ಬೂಟು ಇಟ್ಟಲ್ಲೆಲ್ಲ ಒಂದು ಉಂಗುರ ಅಗಲವಾಗುತ್ತ ಗೋಡೆಯವರೆಗೂ ಹೋಗಿ ತಿರುಗಿ ಬರುತ್ತದೆ, ಮೆಟ್ಟಿಲಿನಿಂದ ನಾಯಕಿ ಇಳಿದು ಓಡಿ ಬರುತ್ತಾಳೆ, ಮಂತ್ರಿ ಬರುತ್ತಾನೆ, ಕಳ್ಳ, ಹೊಸ ಅಳಿಯ, ಎಲ್ಲರೂ ಇವನ ಹಿಂದೆ ಸಾಲಾಗಿ, ಟಪ್, ಟಪ್, ಯಾರ ಕಾಲಲ್ಲೂ ಒಂದು ಕೊಂಕಿಲ್ಲ — ಚುಯ್ ಚುಯ್, ಇದು ಯಾರದು, ಸಾಲಿನಲ್ಲಿ ಇಲ್ಲದ್ದು, ರಬ್ಬರ್ ತಳ, ಹೊರಬಾಗಿಲಿನಿಂದ, ಊರಿನಿಂದ ಬಂದುಬಿಟ್ಟಳೇ, ಆಚೆ ಯಂತ್ರ ನಿಂತಿತು, ಕೈ ತಾನೇ ತಾನಾಗಿ ಇನ್ನೂ ನಡೆಯುತ್ತಿತ್ತು, ಶೂಟಿಂಗ್ ನಿಂತರೂ ಕೆಲವರ ಕಾಲು ನಿಲ್ಲದ ಹಾಗೆ — ಶ್, ಎಂದಳು ಹೆಂಡತಿ, ದನಿ ಹಿಗ್ಗಿನಿಂದ ತಗ್ಗಿತ್ತು, ಬಾಮ್ಮ, ಸರಿಯಾದ ಹೊತ್ತಿಗೆ ಬಂದೆ, ಒಳಗೆ ಹೋಗ್ಬೇಡ, ಯಾರಾದ್ರೂ ನೋಡಿದ್ರೆ ಅವರಿಗಾಗಲ್ಲ, ಕೇಳು, ನಡೀತಿದಾರೆ — ಕವಾಯತಿನ ಹುಡುಗಿ ಕೇಳಿದಳು, ಅವಳು ಕೇಳುತ್ತಿರುವುದು ಅವನಿಗೆ ಕೇಳಿಸಿತು, ಈಗ ನಿಲ್ಲಿಸಿದರೆ ಅನುಮಾನ, ನಿಲ್ಲಿಸಲಿಲ್ಲ, ಬದಲಿಗೆ ಇನ್ನಷ್ಟು ಚೆನ್ನಾಗಿ ನಡೆದ, ಕಲಾವಿದರ ದುರ್ಬುದ್ಧಿ, ಯಾರೋ ಹೊಸಬರು ಬಂದರೆಂದರೆ — ಆಂಟಿ, ಒಳಗೆ ಬೇರೆ ಯಾರಾದ್ರೂ ಬಂದಿದಾರಾ, — ಯಾರು ಬರ್ತಾರೆ, ನಿಮ್ಮ ಸರ್ರೇ, — ಇಲ್ಲ ಆಂಟಿ, ಎಂದಳು ಹುಡುಗಿ ನಿಧಾನವಾಗಿ, ಸರ್ ಕಾಲು ಗಿಡ್ಡ, ಅಲ್ಲಿ ಕೀಲಿಲ್ಲ, ಎಷ್ಟೇ ಚೆನ್ನಾಗಿ ನಡೆದ್ರೂ ಒಂದು ಪಕ್ಕ ಮೈ ವಾಲ್ಲೇಬೇಕು, ಒಂದು ಹೆಜ್ಜೆ ಭಾರ, ಒಂದು ಹಗುರ, ಜೀವನಪೂರ್ತಿ ಹಾಗೇ, ಇದು ನೋಡಿ, ಎರಡೂ ಒಂದೇ ಸಮ ಇದೆ, ಇದು ಕೀಲಿರೋರು ನಡೆಯೋ ಸದ್ದು — ಅಲ್ಲಿಗೆ ಅವನ ಕೈ ನಿಂತಿತು, ಎಲ್ಲಿ ತಪ್ಪಿದ ಎಂದು ಆ ಕ್ಷಣಕ್ಕೇ ಗೊತ್ತಾಯಿತು, ಸಿನಿಮಾದಲ್ಲಿ ಕುಂಟುವವನು ಕೊನೆಯ ರೀಲಿನೊಳಗೆ ಸರಿಹೋಗಿಬಿಡುತ್ತಾನೆ, ಎಷ್ಟು ಜನರನ್ನು ಹಾಗೆ ಗುಣಪಡಿಸಿದ್ದಾನೆ ಇವನು, ಕುಂಟನ್ನು ಸವೆಸುತ್ತ ಸವೆಸುತ್ತ ಬಂದು ಒಂದು ಶುಭದಿನ ತೆಗೆದೇಬಿಡುವುದು, ಅಭ್ಯಾಸ, ತನ್ನದನ್ನೂ ತೆಗೆದುಬಿಟ್ಟಿದ್ದ.

ಆಚೆ ಹೆಂಡತಿ, ಅಮ್ಮ ಹೇಳಿದ್ಲು, ಎಂದಳು, ಯಾರಿಗೂ ಅಲ್ಲದ ಹಾಗೆ, ಬೂಟು ಕೈಗೆ ಹಾಕ್ಕೊಂಡಿದಾರೆ ಅಂತ, ನಾನು ಅಮ್ಮನ್ನೇ ನೋಡಿ ನಕ್ಕೆ, — ಇಬ್ಬರ ಮುಖ ನೋಡಿ ಅತ್ತೆ ಏನೋ ಗೊತ್ತುಮಾಡಿಕೊಂಡಿರಬೇಕು, ಏನಂತೆ, ಅಳಿಯಂದಿರು ಬೂಟು ಕಾಲಿಗೆ ಹಾಕ್ಕೊಂಡ್ರಂತಾ, ಎಂದು ಮನೆಯೆಲ್ಲ ಕೇಳುವ ಹಾಗೆ ವಿಚಾರಿಸಿದರು, ನಗಬೇಕಾದ ಮಾತು, ಬೇರೆ ದಿನವಾಗಿದ್ದರೆ ಮೂವರೂ ಬಿದ್ದು ಬಿದ್ದು ನಗುತ್ತಿದ್ದರು, ಬಿದ್ದು ಬಿದ್ದು, ಎಂಥ ಮಾತು — ಆಂಟಿ, ಭಾರ ಬೀಳ್ದೆ ಇಷ್ಟು ದಿನ ಹೋಗಿದೆ ಅಂದ್ರೆ ಅದು ಸೆಟೆಯೋಕೆ ಶುರುವಾಗಿರತ್ತೆ, ಇನ್ನು ತಡ ಮಾಡಿದ್ರೆ ಹಾಗೇ ಕೂತುಬಿಡತ್ತೆ, ಆಮೇಲೆ ನನ್ನ ಕೈಲಿಲ್ಲ, ನಾನು ಒಳಗೆ ಹೋಗ್ಲಾ, — ಬೇಡ, ನೀನು ಕೂತ್ಕೋ, ಎಂದಳು ಹೆಂಡತಿ, ಕುರ್ಚಿ ಎಳೆದ ಸದ್ದು, ಅವಳು ಮತ್ತೆ ಯಂತ್ರದ ಮುಂದೆ ಕೂತಳು, ಪರದೆಯ ಕೆಳಗೆ ಪಾದ ಬಂದು ಪೆಡಲಿನ ಮೇಲೆ ಕೂತಿತು, ಬೋರಲು ಮಲಗಿದವನ ಕಣ್ಣಿಗೆ ನೇರ, ನೆಲದ ಎತ್ತರದಲ್ಲೇ, ಇಷ್ಟು ಹತ್ತಿರದಿಂದ ಅವನು ಅದನ್ನು ನೋಡಿಯೇ ಇರಲಿಲ್ಲ, ಹಿಮ್ಮಡಿಯ ಸುತ್ತ ಸೀಳು ಸೀಳು, ಒಣಗಿದ ಕೆರೆಯಂಗಳದ ಹಾಗೆ — ರೀ, ಎಂದಳು, ತಿರುಗದೆ, ನೀವು ನಡೀತಿದೀರಿ ಅಂತ ನಾನು ನಿದ್ದೆ ಮಾಡ್ತಿದ್ದೆ, — ಅವನು ಏನು ಹೇಳಬೇಕಿತ್ತು, ನೀನು ನಿದ್ದೆ ಮಾಡಲಿ ಅಂತಲೇ ಕಣೇ, ಅನ್ನಬಹುದಿತ್ತು, ನಿಜವೂ ಹೌದು, ಪೂರ್ತಿ ನಿಜವಲ್ಲ, ಹೆದರಿಕೆ ಕಣೇ, ಅನ್ನಬೇಕಿತ್ತು, ನೆಲ ಇಲ್ಲ ಅಲ್ಲಿ, ನಿಂಗೊತ್ತಿಲ್ಲ, ನೋಡೋಕೆ ಇದೆ, ಇಟ್ಟರೆ ಇಲ್ಲ, — ಈಗ ನೀವು ಬನ್ನಿ, ಎಂದಳು, ಇಲ್ಲಿತನಕ, ನಾನು ತಿರುಗಿ ನೋಡಲ್ಲ, ಕೆಟ್ಟದಾಗೇ ಕೇಳಿಸ್ಲಿ, ನಂಗೆ ಸಿನಿಮಾ ಬೇಡ, ಬೀಳೋ ಸದ್ದಾದ್ರೂ ಸರಿ, ನಿಮ್ಮದೇ ಆಗಿರ್ಲಿ.

ಕೈಯಿಂದ ಬೂಟು ಬಿಚ್ಚಿದ, ಒಳಗೆ ಬೆವರು, ಅಂಗೈ ಅಚ್ಚು, ಕೂತ, ಕಾಲಿಗೆ ಹಾಕಿಕೊಂಡ, ಮೊದಲು ಒಳ್ಳೆಯದು, ಆಮೇಲೆ ಅದು, ಸೆಟೆದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ, ಊರುಗೋಲಿನ ತುದಿಯಿಂದ ಬೂಟನ್ನು ನೂಕಿ ನೂಕಿ, ಲೇಸು ಕಟ್ಟಲು ಬಗ್ಗಲಾರ, ಬಿಚ್ಚಿದ್ದೇ ಇರಲಿ, ಕಂಕುಳಿಗೆ ಊರುಗೋಲು, ಎರಡೂ, ಎದ್ದ, ಕೋಣೆ ಒಂದು ಸುತ್ತು ತಿರುಗಿ ನಿಂತಿತು, ಮಂಚದ ಕೆಳಗೆ ಯಾವ ಚೆಂಡೂ ಇಲ್ಲ, ಸಾಲಿನಲ್ಲಿ ಯಾರೂ ಇಲ್ಲ, ನಾಯಕಿ, ಮಂತ್ರಿ, ಕಳ್ಳ, ಎಲ್ಲರೂ ಎಲ್ಲಿ ಹೋದರು, ಯಾರ ನಡಿಗೆ ತೊಟ್ಟುಕೊಂಡು ಹೋಗಲಿ, ಯಾರದೂ ಈ ಕಾಲಿಗೆ ಅಳತೆ ಆಗುವುದಿಲ್ಲ, ಇದು ಹೇಗೆ ನಡೆಯುತ್ತದೋ ಯಾವ ಪರದೆಯ ಮೇಲೂ ನೋಡಿಲ್ಲ, ಊರುಗೋಲು ಮುಂದಿಟ್ಟ, ಆ ಕಾಲನ್ನು ಮುಂದಿಟ್ಟ, ಈಗ ಭಾರ, ಬಿಡು, ಸ್ವಲ್ಪ, ಸ್ವಲ್ಪವೇ, ಮೂಳೆ ಮೇಲಕ್ಕೆ ಸರಿಯಿತು, ಲಿಫ್ಟು ಇಲ್ಲ, ಲಿಫ್ಟು ಇಲ್ಲ, ಇಳಿಯುತ್ತಿದ್ದಾನೆ, ತೊಡೆಯ ಬುಡದಲ್ಲಿ ಬೆಂಕಿ, ಆ ಗಂಟು ಹರಿಯುತ್ತದೆ ಅಂದುಕೊಂಡ, ಅದು ಹರಿಯಲಿಲ್ಲ, ಬಿಗಿಯಿತು, ಒದ್ದೆ ಹಗ್ಗ ಬಿಗಿದ ಹಾಗೆ, ಹಿಡಿಯಿತು, ಯಾವುದೋ ಒಂದು, ಅಲ್ಲಿ ಏನೂ ಇಲ್ಲ ಅಂದ ಜಾಗದಲ್ಲಿ ಯಾವುದೋ ಒಂದು ಹಿಡಿದುಕೊಂಡಿತು, ಮೈಯೆಲ್ಲ ಒಂದು ಪಕ್ಕಕ್ಕೆ ವಾಲಿ, ಭುಜ ಇಳಿದು, ದಪ್ಪ ಅಟ್ಟೆ ನೆಲಕ್ಕೆ ಉಜ್ಜಿ, ಎಂಥದೋ ಸದ್ದಾಯಿತು, ಧಬ್ಬೂ ಅಲ್ಲ, ಸರ್ರೂ ಅಲ್ಲ, ಯಾರೋ ಒದ್ದೆ ಮೂಟೆಯನ್ನು ಎಳೆದು ಅರ್ಧಕ್ಕೆ ಬಿಟ್ಟ ಹಾಗೆ, ಲೇಸಿನ ತುದಿ ಟಿಕ್ಕೆಂದು ಕೊನೆಯಲ್ಲಿ ಬಡಿದು, ಗುಂಡಿ ಕೇಳಿದ್ದರೆ ಅಣ್ಣಾ ಇನ್ನೊಂದ್ಸಲ ಎನ್ನುತ್ತಿದ್ದ, ಇನ್ನೊಂದು ಸಲ ಇದೇ ಬರುವುದಿಲ್ಲ ಗುಂಡಿ, ಇದನ್ನು ಮಾಡಲು ಬರುವುದಿಲ್ಲ, ಒಳ್ಳೆಯ ಕಾಲು ಬಂದು ಪಕ್ಕಕ್ಕೆ ಸೇರಿತು, ಟಪ್, ನಿಂತಿದ್ದಾನೆ, ಬಿದ್ದಿಲ್ಲ, ಹಣೆಯ ಬೆವರು ಕಣ್ಣಿಗೆ, ಪರದೆಗೆ ಇನ್ನೂ ದೂರವಿದೆ, ಆ ಗೇಣಗಲದ ಜಾಗ, ಯಂತ್ರದ ಸದ್ದಿಲ್ಲ, ಹುಡುಗಿ ಕೆಮ್ಮಿದರೂ ಕೇಳಬೇಕು, ಕೆಮ್ಮುತ್ತಿಲ್ಲ, ಪೆಡಲಿನ ಮೇಲೆ ಅವಳ ಪಾದ, ಬೆರಳು ಊರಿದೆ, ಹಿಮ್ಮಡಿ ಎದ್ದಿದೆ, ಬೀಳುವ ಸದ್ದಿಗೆ ಕಾದದ್ದೋ, ಮುಂದಿನ ಹೆಜ್ಜೆಗೆ ಕಾದದ್ದೋ, ಊರುಗೋಲು ಮುಂದಿಟ್ಟ, ಆ ಹಿಮ್ಮಡಿ ಇಳಿಯಲಿಲ್ಲ, ಕಾಲನ್ನು ಎತ್ತಿದ, ಇಳಿಯಲಿಲ್ಲ, ಸೀಳಿನ ಒಂದು ಅಂಚಿಗೆ ನೀಲಿ ದಾರದ ಎಳೆಯೊಂದು ಅಂಟಿಕೊಂಡಿದೆ, ಫ್ಯಾನಿನ ಗಾಳಿಗೆ ಅದಷ್ಟೇ ಅಲ್ಲಾಡುತ್ತಿದೆ, ಹಿಮ್ಮಡಿ ಅಲ್ಲಾಡುತ್ತಿಲ್ಲ, ಹಿಮ್ಮಡಿ ಎದ್ದದ್ದು ಎದ್ದ ಹಾಗೇ, ಗಾಳಿಯಲ್ಲಿ, ಅವನ ಕಾಲೂ ಗಾಳಿಯಲ್ಲಿ, ಆ ಹಿಮ್ಮಡಿ, ಎದ್ದದ್ದು, ಎದ್ದೇ ಇದ್ದದ್ದು, ಆ ಹಿಮ್ಮಡಿ